ಹೊರಡೋ ಟೈಮಿಗೆ ಬೆಂಡು ಮುಳುಗುತ್ತೆ

ಗಾಳ ಹಾಕೋ ಚಟ ಇರೋ ಯಾರನ್ನ ಬೇಕಾದ್ರೂ ಕೇಳಿ ನೋಡಿ, ಎರಡು ಗಂಟೆ ಕಲ್ಲಿನ ಮೇಲೆ ಕಲ್ಲಾಗಿ ಕೂತಿದ್ರೂ ಬೆಂಡು ಅಲ್ಲಾಡಲ್ಲ, ಸಾಮಾನೆಲ್ಲ ಚೀಲಕ್ಕೆ ತುಂಬಿ ಬೈಕ್ ಕೀ ಎಲ್ಲಿಟ್ಟೆ ಅಂತ ಜೇಬು ತಡಕಾಡ್ತಿರೋವಾಗ ಡುಬುಕ್ ಅಂತ ಮುಳುಗುತ್ತೆ. ನನ್ನ ಪ್ರಕಾರ ಮೀನಿಗೆ ನಮ್ಮ ಆಫೀಸ್ ಟೈಮಿಂಗ್ ಗೊತ್ತು.

ನಂದು ದಾವಣಗೆರೇಲಿ ಲೆಕ್ಕ ಬರೆಯೋ ಕೆಲಸ. ಬೆಳಗ್ಗೆ 9.30ಕ್ಕೆ ಮೆಷಿನ್ನಿಗೆ ಬೆರಳೊತ್ತಬೇಕು, ಹತ್ತು ನಿಮಿಷ ದಾಟಿದ್ರೆ ಅರ್ಧ ದಿನ ರಜಾ ಹೋಯ್ತು. ಅದಕ್ಕೇ ವಾರಕ್ಕೆರಡು ದಿನ ಐದಕ್ಕೇ ಎದ್ದು ಮಂಕಿ ಕ್ಯಾಪ್ ಎಳ್ಕೊಂಡು ಹರಿಹರದ ಕಡೆ ಗಾಡಿ ಬಿಡ್ತೀನಿ, ಹದಿನಾಲ್ಕು ಕಿಲೋಮೀಟರ್, ಅಲ್ಲಿ ತುಂಗಭದ್ರೆ ಹೊಳೆ. ಊರ ಪಕ್ಕದಲ್ಲೇ ಕುಂದವಾಡ ಕೆರೆ ಇಲ್ವಾ ಅಂತೀರಿ, ಅದು ಊರಿಗೆ ಕುಡಿಯೋ ನೀರು ಕೊಡೋ ಕೆರೆ, ಅಲ್ಲದೆ ಏರಿ ಮೇಲೆ ವಾಕಿಂಗ್ ಬರೋ ಜನಾನೇ ಜಾಸ್ತಿ. ಸೂಳೆಕೆರೆ ಏನೋ ಸಮುದ್ರದಂಗಿದೆ ನಿಜ, ಆದ್ರೆ ಚನ್ನಗಿರಿ ಕಡೆ ಹೋಗಿ ಬರೋದ್ರಲ್ಲೇ ಬೆಳಗು ಮುಗಿಯುತ್ತೆ, ಇನ್ನು ಗಾಳ ಬಿಚ್ಚೋದು ಯಾವಾಗ. ಹೊಳೆ ದಂಡೇಲಿ ಯಾರೂ ಮಾತಾಡ್ಸಲ್ಲ. ಒಂದು ಬಿದಿರು ಗಳ, ತಂಗೂಸಿ, ನವಿಲುಗರಿ ದಂಟಿನ ಬೆಂಡು, ಹಳೇ ಎಲೆಅಡಿಕೆ ಡಬ್ಬೀಲಿ ಎರೆಹುಳ, ಮುಗೀತು. (ಆ ಡಬ್ಬಿ ಒಂದ್ಸಲ ಫ್ರಿಜ್ಜಲ್ಲಿಟ್ಟಿದ್ದೆ. "ರೀ, ಇನ್ನೊಂದ್ ದಿನ ಇದು ಇಲ್ಲಿ ಕಂಡ್ರೆ ನಾನು ತವರಿಗೆ" ಅಂದ್ಲು ಮನೆಯಾಕೆ. ಈಗ ಅದು ಬಚ್ಚಲು ಹಿಂದೆ ಇರುತ್ತೆ.)

ಮಜಾ ಏನಂದ್ರೆ ನಮ್ಮನೇಲಿ ಮೀನು ತಿನ್ನಲ್ಲ. ಸಿಕ್ಕಿದ್ದನ್ನ, ಸಿಗೋದಾದ್ರೂ ಏನು, ಅಂಗೈಯಗಲದ ಜಿಲೇಬಿ ಮೀನು, ಬಟ್ಟೆ ಒಗೆಯೋಕೆ ಬರೋ ಒಬ್ಬ ಅಜ್ಜಿಗೆ ಕೊಟ್ಟು ಬರ್ತೀನಿ. ಆಕೆ ಒಂದು ದಿನಾನೂ ಥ್ಯಾಂಕ್ಸ್ ಅಂದಿಲ್ಲ, "ಇಷ್ಟೇ ಏನಪಾ?" ಅಂತಾಳೆ. ಆಮೇಲೆ ಹೊಳೇಲಿ ಸೋಪು ಹಚ್ಚಿ ಕೈ ತೊಳ್ದು ತೊಳ್ದು ಆಫೀಸಿಗೆ ಓಡಿದ್ರೆ ನೀರಲ್ಲಿ ನೆನೆದ ಬೆರಳು ಒಣದ್ರಾಕ್ಷಿ ಥರ ಸುಕ್ಕಾಗಿರುತ್ತೆ, ಮೆಷಿನ್ನು ನನ್ನ ಗುರುತೇ ಹಿಡಿಯಲ್ಲ. ಪ್ಯಾಂಟಿಗೆ ಉಜ್ಜಿ ಉಜ್ಜಿ ಒತ್ತಬೇಕು, ಹಿಂದೆ ನಿಂತೋರು ಮೂಗು ಮುಚ್ಕೊಂಡು ಕಾಯ್ತಿರ್ತಾರೆ.

ಇದನ್ನೆಲ್ಲ ಹೇಳ್ಕೊಳ್ಳೋಕೆ ನಂಗಿರೋದು ಒಬ್ಬನೇ, ನಮ್ಮ ಓಣಿಯೋನೇ, ಸ್ಕೂಲಲ್ಲಿ ಒಂದೇ ಬೆಂಚು. ಈಗ ಅಮೆರಿಕದ ಮಿನೆಸೋಟಾದಲ್ಲಿ ಇದಾನೆ, ಕಂಪ್ಯೂಟರ್ ಕೆಲಸ. ಚಳಿಗಾಲದಲ್ಲಿ ಅವ್ನ ಟೈಮು ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ, ಅಂದ್ರೆ ನಾನು ಕೆಲಸ ಮುಗಿಸಿ ಸಂಜೆ ಆರಕ್ಕೆ ಮಂಡಕ್ಕಿ ಮಿರ್ಚಿ ಗಾಡಿ ಮುಂದೆ ನಿಂತಾಗ ಅವನಿಗೆ ಬೆಳಗ್ಗೆ 6.30. ಮೊನ್ನೆ ಜನವರೀಲಿ ವಿಡಿಯೋ ಕಾಲ್ ಮಾಡ್ದ. ಫೋನಲ್ಲಿ ನೋಡಿದ್ರೆ ಗವ್ವಂತ ಕತ್ತಲು, ಹಣೇಲೊಂದು ಲೈಟು, ಮೀಸೆ ಮೇಲೆ ಬೆಳ್ಳಗೆ ಏನೋ. "ಎಲ್ಲಿದೀಯೋ?" ಅಂದೆ. "ಕೆರೆ ಮೇಲೆ" ಅಂದ. ದಂಡೆ ಮೇಲೆ ಅಲ್ಲ, ಕೆರೆ ಮೇಲೆ! ಮೈನಸ್ ಇಪ್ಪತ್ತು ಡಿಗ್ರಿ ಅಂತೆ. ನಮಗೆ 15 ಆದ್ರೆ ಸಾಕು, ಸಾಯೋ ಚಳಿ ಅಂತ ಬೀದೀಲಿ ಬೆಂಕಿ ಹಾಕ್ತೀವಿ.

ಅವ್ನು ಹೇಳಿದ್ದು ಇಷ್ಟು. ನೀರು ಗಟ್ಟಿಯಾಗಿ ನಾಲ್ಕು ಇಂಚು ದಪ್ಪ ಒಳ್ಳೆ ಐಸ್ ಆದ್ರೆ ಮನುಷ್ಯ ನಡೀಬಹುದು, ಕಾರು ಇಳಿಸ್ಬೇಕಂದ್ರೆ ಹತ್ತಿಂಚಿನ ಹತ್ತಿರ ಬೇಕು, ಆದ್ರೂ ಐಸನ್ನ ಪೂರ್ತಿ ನಂಬಂಗಿಲ್ಲ, ಅಲ್ಲಲ್ಲಿ ಚೆಕ್ ಮಾಡ್ತಾನೇ ಹೋಗ್ಬೇಕು. ಆಮೇಲೆ ನಮ್ಮ ಬಡಗಿಗಳ ಬೈರಿಗೆ ಇರುತ್ತಲ್ಲ ಅದರದ್ದೇ ದೊಡ್ಡಣ್ಣನ ಥರದ್ದರಲ್ಲಿ ಗರಗರ ಕೊರೆದು ಎಂಟಿಂಚಿನ ತೂತು ಮಾಡಿ, ಪುಟ್ಟ ಮಕ್ಕಳ ಆಟದ ಸಾಮಾನಿನಂಥ ಮೊಳದುದ್ದದ ಗಳ ಹಿಡಿದು ಕೂರೋದು. "ಲೇ, ಕೆರೆ ಹೆಪ್ಪುಗಟ್ಟಿದ್ರೆ ಮೀನು ಸಾಯಲ್ವೇನೋ?" ಅಂದೆ. ನೀರು 4 ಡಿಗ್ರಿ ಇದ್ದಾಗ ಎಲ್ಲಕ್ಕಿಂತ ಭಾರ, ಅದು ತಳಕ್ಕೆ ಕೂರುತ್ತೆ, ಅದಕ್ಕಿಂತ ತಣ್ಣಗಾದದ್ದು ಮೇಲೇ ಉಳಿದು ಹಾಲಿನ ಕೆನೆ ಥರ ಕಟ್ಕೊಳ್ಳುತ್ತೆ, ಕೆಳಗೆ ಮೀನು ಆರಾಮಾಗಿರುತ್ತೆ ಅಂದ. ಹೈಸ್ಕೂಲಲ್ಲಿ ಇದನ್ನ ಇಬ್ರೂ ಒಟ್ಟಿಗೇ ಓದಿದ್ವಿ, ಅವಾಗ ಇಬ್ಬರಿಗೂ ಅರ್ಥ ಆಗಿರ್ಲಿಲ್ಲ. ಚಳಿಗೆ ಮೀನು ಸೋಮಾರಿ ಆಗಿರೋದ್ರಿಂದ ಬೆಂಡು ಗಬಕ್ಕಂತ ಮುಳುಗಲ್ಲ, ಒಂಚೂರು ನಡುಗುತ್ತೆ ಅಷ್ಟೆ, ಆ ನಡುಕ ಮೀನಿಂದೋ ನಿಂದೋ ಅಂತ ಮೊದ್ಲು ನೋಡ್ಕೋಬೇಕು ಅಂತ ನಕ್ಕ.

ಅವ್ನಿಗೆ ಬೇಕಿದ್ದದ್ದು ವಾಲ್‌ಐ ಅನ್ನೋ ಮೀನು. ಅದರ ಕಣ್ಣು ನಮ್ಮ ಬೆಕ್ಕಿನ ಕಣ್ಣಿನಂಗೆ ಲೈಟು ಬಿದ್ರೆ ಹೊಳೆಯುತ್ತಂತೆ, ಮಬ್ಬುಗತ್ತಲಲ್ಲೇ ಮೇವಿಗೆ ಬರೋದು, ಅದಕ್ಕೇ ಈ ಹೊತ್ತು. ಮಾತಾಡ್ತಾ ಮಾತಾಡ್ತಾ ತೂತಿನ ನೀರು ಮತ್ತೆ ಗಟ್ಟಿಯಾಗ್ತಾ ಬಂತು, ಒಂದು ಉದ್ದ ಹಿಡಿಯ ತೂತುತೂತಿನ ಸೌಟು ತಗೊಂಡು ಐಸ್ ಚೂರನ್ನೆಲ್ಲ ಬಾಚಿ ಎತ್ತಿ ಸೋಸಿ ಪಕ್ಕಕ್ಕೆ ಸುರಿದ. ಅದೇ ಹೊತ್ತಿಗೆ ನನ್ನ ಮುಂದೆ ಗಾಡಿಯವ್ನು ಅಂಥದ್ದೇ ಸೌಟಲ್ಲಿ ಬಾಣಲೆಯಿಂದ ಮಿರ್ಚಿ ಎತ್ತಿ ಎಣ್ಣೆ ಸೋಸ್ತಿದ್ದ. ಫೋನ್ ತಿರುಗಿಸಿ ತೋರಿಸ್ದೆ. ಅವ್ನು ಸುಮಾರು ಹೊತ್ತು ಮಾತೇ ಆಡ್ಲಿಲ್ಲ, ಆಮೇಲೆ "ಇನ್ನೊಂಚೂರು ಹತ್ರ ಹಿಡಿಯೋ" ಅಂದ.

7.30ಕ್ಕೆ ಅವನಿಗೆ ಮೀಟಿಂಗು. ಯಾರ ಜೊತೆ ಅಂತೀರಿ? ಬೆಂಗಳೂರಿನವರ ಜೊತೆ, ಅವರಿಗಾಗ ಸಂಜೆ ಏಳು, ಬೇಗ ಮುಗಿಸಿ ಮನೆಗೆ ಹೋಗೋ ಆತುರ, ಇವ್ನು ಒಂದು ನಿಮಿಷ ಲೇಟಾದ್ರೂ ಮೆಸೇಜ್ ಮೇಲೆ ಮೆಸೇಜು. ಇಷ್ಟು ದೂರ ಹೋಗಿ ಕೆರೆ ಮೇಲೆ ಕೂತವನನ್ನೂ ಎಬ್ಬಿಸೋದು ಕೊನೆಗೆ ನಮ್ಮವರೇ. "ಸರಿ ಕಣೋ, ಹೊರಡ್ತೀನಿ" ಅಂತ ಫೋನನ್ನ ಬಕೆಟ್ ಮೇಲಿಟ್ಟು ಸಾಮಾನು ಕಟ್ಟೋಕೆ ಶುರು ಮಾಡ್ದ.

ನಾನು ನೋಡ್ತಾನೇ ಇದ್ದೆ. "ಲೇ, ಬೆಂಡು!" ಅಂತ ಕೂಗ್ದೆ, ಮಿರ್ಚಿ ತಿಂತಿದ್ದೋರೆಲ್ಲ ತಿರುಗಿ ನೋಡಿದ್ರು. ಫೋನ್ ಉರುಳಿ ಬಿತ್ತು, ಕಪ್ಪು ಆಕಾಶ ಒಂದೇ ಕಾಣ್ತಾ ಇತ್ತು, ಏದುಸಿರು, ಬೂಟಿನ ಕರಕರ ಸದ್ದು, ಅಪ್ಪಟ ದಾವಣಗೆರೆ ಬೈಗಳು ಒಂದೆರಡು. ಆಮೇಲೆ ಅವ್ನ ಮುಖ ಬಂತು.

"ಸಿಕ್ತಾ?"

"ತೂತಿನ ಬಾಯಿಗೆ ಬಂದು ಮುಖ ತೋರ್ಸಿ ಹೋಯ್ತು."

"ಎಷ್ಟ್ ದೊಡ್ಡದಿತ್ತೋ?"

ಎರಡೂ ಕೈ ಅಗಲಿಸಿ ತೋರ್ಸೋಕೆ ಹೋದ, ಫೋನ್ ಮತ್ತೆ ಬಿತ್ತು.