ಶೋಕೇಸಿಗೆ ಬಾರದ ಮಗ್ಗು

ಮಲೆನಾಡಿನಲ್ಲಿ ನೆಲದಲ್ಲೊಂದು ತೂತು ಕಂಡರೆ ಸಾಕು, ಅದಕ್ಕೊಂದು ಕತೆ ಹುಟ್ಟಿಕೊಳ್ಳುತ್ತದೆ. ಗುಡ್ಡದ ಬುಡದಲ್ಲಿದ್ದರೆ ಅದು ಕೆಳದಿ ಅರಸರ ಕಳ್ಳದಾರಿ. ದೇವಸ್ಥಾನದ ಹಿಂದಿದ್ದರೆ ನಿಧಿ. ಎರಡೂ ಅಲ್ಲದಿದ್ದರೆ ಮುಳ್ಳುಹಂದಿ. ಯಾರೋ ಹೊಟ್ಟೆಪಾಡಿಗೆ ಕೂಲಿ ಮಾಡಿ ಅಗೆದ ಗಣಿ ಇರಬಹುದು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಆ ಕತೆಗೆ ಗಿರಾಕಿ ಇಲ್ಲ.

ಹಾಗಂತ ನಮ್ಮ ಕಡೆ ಗಣಿಗಳಿಗೇನೂ ಬರ ಇರಲಿಲ್ಲ. ಶಿವಮೊಗ್ಗ ಹತ್ತಿರದ ಕುಂಸಿ ಸುತ್ತ ಕಳೆದ ಶತಮಾನದ ಶುರುವಿನಲ್ಲೇ ಮ್ಯಾಂಗನೀಸ್ ತೆಗೆಯುತ್ತಿದ್ದರು. ಬೆಂಕಿಪುರ ಭದ್ರಾವತಿಯಾಗಿ, 1923ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲಂತೂ ಕೇಳುವುದೇ ಬೇಡ. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇ ತೊಟ್ಟಿಯಲ್ಲಿ ಕೂತು ಬೆಟ್ಟ ಇಳಿಯುತ್ತಿತ್ತು. ಸುಣ್ಣದ ಕಲ್ಲು ಭಂಡಿಗುಡ್ಡದಿಂದ ಬರುತ್ತಿತ್ತು. ಕುಲುಮೆಗೆ ಇದ್ದಿಲು ನಮ್ಮ ಕಾಡಿನದೇ. ಈಗ ಕೆಮ್ಮಣ್ಣುಗುಂಡಿಗೆ ಹೋದವರು ಗುಲಾಬಿ ತೋಟದ ಮುಂದೆ ಫೋಟೊ ತೆಗೆಸಿಕೊಂಡು, ಮಿರ್ಚಿ ತಿಂದು ವಾಪಸ್ ಬರುತ್ತಾರೆ. ಕುದುರೆಮುಖದಲ್ಲಿ ಅದಿರನ್ನು ಪುಡಿಮಾಡಿ, ನೀರಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅದೂ ನಿಂತಿತು. ಗಣಿ ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಕೋಲಾರದ ಚಿನ್ನ ಮಾತ್ರ. ನಮ್ಮ ಮ್ಯಾಂಗನೀಸ್‌ನ ಕೇಳುವವರಿಲ್ಲ. ಪಾಪ, ನೋಡೋಕೂ ಕಪ್ಪು.

ನನ್ನ ಭಾವನಿಗೆ, ಅಂದರೆ ಅಕ್ಕನ ಯಜಮಾನರಿಗೆ, ಹಳೇ ಸಾಮಾನಿನ ಹುಚ್ಚು. ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಜಾಸ್ತಿಯಾಗಿದೆ. ಶಿವಮೊಗ್ಗದ ಗೋಪಾಳದ ಮನೆಯ ಹಾಲ್‌ನಲ್ಲಿ ಗೋಡೆ ತುಂಬಾ ಒಂದು ಶೋಕೇಸ್. ಅದರಲ್ಲಿ ಸೇರು, ಪಾವು, ಚಿಮಣಿ ಬುಡ್ಡಿ, ಅಡಕತ್ತರಿ, ಯಾರದೋ ಮನೆಯ ಬಾಗಿಲ ಚಿಲಕ. ಅಕ್ಕ ದಿನಾ ಮಜ್ಜಿಗೆ ಕಡೆಯುತ್ತಿದ್ದ ಕಡಗೋಲೂ ಅಲ್ಲೇ ಸೇರಿದೆ. ಅಕ್ಕ ಬೇರೆ ಕಡಗೋಲು ಕೊಂಡುಕೊಂಡಳು. ಯಾವುದನ್ನು ತೋರಿಸಿ ಕೇಳಿದರೂ ಭಾವ ಹೇಳುವುದು ಒಂದೇ, ‘ಸುಮಾರು 200 ವರ್ಷ ಆಗಿರ್ಬೇಕು.’ ಅಲ್ಲಿರೋ ಟೈಂಪೀಸನ್ನು ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅಂತ ಅಪ್ಪ ತಂದಿದ್ದರು. ನಾನು ಬಾಯಿ ಬಿಟ್ಟಿಲ್ಲ.

ಕುಂಸಿ ಹತ್ತಿರ ಪರಿಚಯದವರ ತೋಟದ ಮೇಲಿನ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಒಂದು ಹಳೇ ಮ್ಯಾಂಗನೀಸ್ ಸುರಂಗ ಇದೆ ಅಂತ ಗೊತ್ತಾದಾಗ ಭಾವ ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲವಂತೆ. ಆಚೆ ಕಡೆ ಶೆಟ್ಟಿಹಳ್ಳಿ ಅಭಯಾರಣ್ಯ. ಅಲ್ಲಿ ಸುಮ್ನೆ ನುಗ್ಗೋ ಹಾಗಿಲ್ಲ. ಇದು ಖಾಸಗಿ ಜಾಗವಾದ್ದರಿಂದ ತೋಟದ ಅಜ್ಜನ ಒಪ್ಪಿಗೆ ಸಿಕ್ಕರೆ ಸಾಕಿತ್ತು. ಅಜ್ಜ ಒಪ್ಪಿದರು, ಆದರೆ ಷರತ್ತು ಹಾಕಿ.

‘ನೋಡಿ ಮಾರಾಯ್ರೆ, ಬಾಗಿಲಿನ ಬೆಳಕು ಕಾಣೋವರೆಗೆ ಮಾತ್ರ. ಅದರಾಚೆ ನಾನೂ ಬರಲ್ಲ, ನೀವೂ ಹೋಗಂಗಿಲ್ಲ. ಒಳಗಿರೋದನ್ನ ಮುಟ್ಟಬಾರದು. ಮಧ್ಯಾಹ್ನ ಊಟಕ್ಕೆ ನಮ್ಮನೆಗೇ ಬರ್ಬೇಕು.’

ಮೂರನೆಯದಕ್ಕೆ ಭಾವ ತಕ್ಷಣ ಒಪ್ಪಿದರು.

ಹೊರಡುವಾಗ ಅಕ್ಕ ಒಂದು ಚೀಲ ಕೊಟ್ಟಳು. ಮಂಗನ ಕಾಯಿಲೆಯ ಕಾಲ, ಅದನ್ನು ಹರಡುವ ಉಣುಗು ಹತ್ತದಿರಲಿ ಅಂತ ಕೈಕಾಲಿಗೆ ಹಚ್ಚುವ ಎಣ್ಣೆ. ಶರಬತ್ತಿಗೆ ಅಂತ ನಿಂಬೆಹಣ್ಣು, ಉಪ್ಪು, ಸಣ್ಣದೊಂದು ಚಾಕು. ಆ ನಿಂಬೆಹಣ್ಣಿನ ವಿಷಯ ಆಮೇಲೆ ಹೇಳುತ್ತೇನೆ.

ಭಾವ ತಲೆ ಕಾಪಾಡಿಕೊಳ್ಳೋಕೆ ಸ್ಕೂಟರ್ ಹೆಲ್ಮೆಟ್ ತಂದಿದ್ದರು. ಮುಖ ಪೂರ್ತಿ ಮುಚ್ಚುವಂಥದ್ದು. ಅದರ ಮೇಲೆ ತಲೆಗೆ ಕಟ್ಟುವ ಟಾರ್ಚು. ಅಜ್ಜನ ಬಳಿ ಇದ್ದದ್ದು ಒಂದು ಲಾಟೀನು, ಒಂದು ಹಳೇ ಬಿದಿರು ದೋಟಿ. ಅಡಿಕೆಗೆ ಔಷಧಿ ಹೊಡೆಯೋ ಫೈಬರ್ ದೋಟಿ ಮನೆಯಲ್ಲಿತ್ತು. ಅದರ ರೇಟು ನೆನೆಸಿಕೊಂಡರೆ ಅದನ್ನು ಇಂಥ ಕೆಲಸಕ್ಕೆ ಯಾರೂ ತರುವುದಿಲ್ಲ.

ಭಾವನ ಕಣ್ಣು ಲಾಟೀನಿನ ಮೇಲೆ ಬಿತ್ತು. ‘ಇದು ಎಷ್ಟು ವರ್ಷದ್ದು?’

‘ಹೋದ ವರ್ಷ ಸಾಗರದಲ್ಲಿ ತಂದಿದ್ದು,’ ಅಂದರು ಅಜ್ಜ.

ಹಳೇ ಬಾವಿಗೆ ಇಳಿಯೋ ಮುಂಚೆ ದೀಪ ಇಳಿಸಿ ನೋಡುವ ರೂಢಿ ಇದೆಯಲ್ಲ, ಅಜ್ಜ ಇಲ್ಲೂ ಅದನ್ನೇ ಮಾಡಿದರು. ಲಾಟೀನು ಮುಂದೆ, ನಾವು ಹಿಂದೆ. ಮುಚ್ಚಿದ ಜಾಗದಲ್ಲಿ ಗಾಳಿ ಕೆಟ್ಟಿದ್ದರೆ ದೀಪ ಮಂಕಾಗುತ್ತದೆ. ದೀಪ ಉರೀತಿದೆ ಅಂದಮಾತ್ರಕ್ಕೆ ಎಲ್ಲಾ ಸರಿ ಇದೆ ಅಂತಲೂ ಅಲ್ಲ, ಕೆಲವು ವಿಷಗಾಳಿ ದೀಪಕ್ಕೆ ಗೊತ್ತೇ ಆಗುವುದಿಲ್ಲ. ಇದನ್ನು ನಾನು ಭಾವನಿಗೆ ವಿವರಿಸಿದೆ. ಹೆಲ್ಮೆಟ್ಟಿನೊಳಗೆ ಅವರಿಗೇನೂ ಕೇಳಿಸಲಿಲ್ಲ. ಗಾಜಿನ ಮೇಲೆ ಅವರ ಉಸಿರಿನ ಮಂಜು ಕಟ್ಟಿತ್ತು. ಹಾಗಾಗಿ ಏನೂ ಕಾಣಿಸುತ್ತಲೂ ಇರಲಿಲ್ಲ. ತಲೆ ಮಾತ್ರ ಸುರಕ್ಷಿತವಾಗಿತ್ತು. ನನ್ನ ತಲೆ ಎರಡು ಕಡೆ ತರಚಿತು.

ಹತ್ತು ಹೆಜ್ಜೆ ಹೋಗಿರಬಹುದು, ಅವರ ಟಾರ್ಚ್ ಆರಿತು.

‘ಸೆಲ್ ಹೋಯ್ತು ಮಾರಾಯ,’ ಅಂದರು ಗಾಜು ಎತ್ತಿ. ಟಾರ್ಚಿನ ಸಾದಾ ಸೆಲ್ ಒಡೆದರೆ ಒಳಗೆ ಕಪ್ಪು ಪುಡಿ ಇರುತ್ತದಲ್ಲ, ಅದರಲ್ಲಿ ಮುಖ್ಯವಾಗಿ ಇರುವುದೇ ಮ್ಯಾಂಗನೀಸ್ ಡೈಆಕ್ಸೈಡ್. ಸುತ್ತ ಗೋಡೆಯಲ್ಲೆಲ್ಲ ಅದೇ ಮಾಲು. ತಲೆ ಮೇಲೆ ಅದೇ, ಕಾಲಡಿ ಅದೇ. ಬೆಳಕು ಬೇಕಾದಾಗ ಕೈಲಿರೋ ಎರಡು ಪುಟಾಣಿ ಸೆಲ್ಲಿನಲ್ಲಿ ಮಾತ್ರ ಜೀವ ಇಲ್ಲ. ನಾನು ಮೊಬೈಲ್ ಬೆಳಕು ಹಾಕಿದೆ. ಭಾವ ಸತ್ತ ಸೆಲ್ಲುಗಳನ್ನು ಜೇಬಿಗೆ ಹಾಕಿಕೊಂಡರು. ಗೋಡೆ ಹಿಡಿದ ಕೈಯಲ್ಲೇ ಬೆವರು ಒರೆಸಿಕೊಂಡರು. ಈ ಅದಿರಿನ ಗುಣ ಏನಂದರೆ ಮುಟ್ಟಿದರೆ ಸಾಕು, ಬೆರಳಿಗೆ ಮಸಿ. ನಾನು ಹೇಳೋದರೊಳಗೆ ಹಣೆ, ಮೂಗು, ಒಂದು ಕೆನ್ನೆ ಮುಗಿದಿತ್ತು.

ಮುಂದೆ ಒಂದು ಕಡೆ ನೆಲದ ಮೇಲೆ ನೀರು ನಿಂತಿತ್ತು. ತಿಳಿ ನೀರು, ಅಲುಗಾಡದೆ. ಪಾದ ಮುಳುಗುವಷ್ಟು ಇರಬಹುದು ಅನ್ನಿಸುವಂತಿತ್ತು. ಭಾವ ಕೈ ತೊಳೆಯೋಕೆ ಅಂತ ಮುಂದೆ ಹೋದರು. ಅಜ್ಜ ಮಾತಾಡದೆ ದೋಟಿಯನ್ನು ಅವರ ಎದೆಗೆ ಅಡ್ಡ ಹಿಡಿದರು. ಆಮೇಲೆ ಅದನ್ನೇ ನೀರಿಗೆ ಇಳಿಸಿದರು. ಇಳೀತು. ಇನ್ನೂ ಇಳೀತು. ಅಜ್ಜ ಕೂತರು, ತೋಳಿನವರೆಗೆ ಕೈ ಹಾಕಿದರು, ತಳ ಸಿಗಲಿಲ್ಲ. ಒಳಗೆ ಇನ್ನೊಂದು ಬಾವಿಯನ್ನೇ ತೋಡಿದ್ದರು. ನೀರು ತುಂಬಿ ನೆಲಕ್ಕೆ ಸಮವಾಗಿತ್ತು, ಅಷ್ಟೇ.

‘ಕೈ ಮನೇಲೇ ತೊಳೀತೀನಿ,’ ಅಂದರು ಭಾವ. ಅವತ್ತು ಅವರು ಹೇಳಿದ ಅತ್ಯಂತ ಬುದ್ಧಿವಂತ ಮಾತು ಅದು.

ಆ ನೀರಿನಿಂದ ಈಚೆಗೆ ಒಂದು ಕಲ್ಲಿನ ಮೇಲೆ ಮಗ್ಗು ಇತ್ತು. ಹಿಂದೆ ಎಲ್ಲರ ಮನೆಯಲ್ಲೂ ಇರುತ್ತಿದ್ದ, ಬಿಳೀ ಬಣ್ಣದ, ನೀಲಿ ಅಂಚಿನ ಪಿಂಗಾಣಿ ಲೇಪದ ತಗಡಿನ ಮಗ್ಗು. ಹಿಡಿ ಗೋಡೆ ಕಡೆಗಿತ್ತು. ಯಾರೋ ಚಹಾ ಕುಡಿದು, ಕೆಲಸಕ್ಕೆ ಏಳುವಾಗ ಕಾಲಿಗೆ ತಾಗದಿರಲಿ ಅಂತ ಹಾಗೆ ತಿರುಗಿಸಿ ಇಟ್ಟಿರಬೇಕು. ಭಾವನ ಉಸಿರಾಟ ಬದಲಾಯಿತು. ‘ಸುಮಾರು...’ ಅಂತ ಶುರು ಮಾಡಿದರು.

‘ಮುಟ್ಟಬೇಡಿ,’ ಅಂದರು ಅಜ್ಜ. ಅಷ್ಟರಲ್ಲಿ ಭಾವ ಎತ್ತಿಯಾಗಿತ್ತು. ಎತ್ತಿದ್ದು ಮಗ್ಗಿನ ಮೇಲ್ಭಾಗ. ಅಡಿ ಕಲ್ಲಿನ ಮೇಲೇ ಉಳಿದಿತ್ತು. ಹೊರಗೆ ಲೇಪ, ಒಳಗೆ ಬರೀ ತುಕ್ಕು. ಅಂಚಿನ ಒಂದು ಚೂರು ಹಪ್ಪಳ ಮುರಿದ ಹಾಗೆ ಮುರಿದು ಕೆಳಗೆ ಬಿತ್ತು. ಅಲ್ಲಾಡಿಸದೆ ಬಿಟ್ಟದ್ದಕ್ಕೇ ಅದು ಅಷ್ಟು ವರ್ಷ ಮಗ್ಗಿನ ಆಕಾರದಲ್ಲಿ ನಿಂತಿತ್ತು. ಭಾವ ಹೆಲ್ಮೆಟ್ ತೆಗೆದು, ಮಂಡಿಯೂರಿ, ನಡುಗುವ ಕೈಯಲ್ಲಿ ಮೇಲಿನದನ್ನು ಕೆಳಗಿನದರ ಮೇಲೆ ಕೂರಿಸಿದರು. ಮುರಿದ ಚೂರನ್ನೂ ಪಕ್ಕದಲ್ಲಿಟ್ಟರು. ಹಿಡಿ ಗೋಡೆ ಕಡೆಗೇ ಬರಬೇಕು ಅಂತ ನಾನು ನೆನಪಿಸಿದೆ. ನನ್ನ ಕಡೆ ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಹಾಗೆ ಕೂತಾಗಲೇ ಅವರಿಗೆ ಗೋಡೆಯ ಗೀಟುಗಳು ಕಂಡದ್ದು. ನಾಲ್ಕು ನೇರ ಗೀಟು, ಮೇಲೊಂದು ಅಡ್ಡ. ಮತ್ತೆ ನಾಲ್ಕು, ಮತ್ತೊಂದು ಅಡ್ಡ. ಉಳಿಯ ತುದಿಯಲ್ಲಿ ಕೆತ್ತಿದ್ದು. ಸಾಲು ಸಾಲಾಗಿ ಭುಜದ ಎತ್ತರಕ್ಕೆ. ಪಕ್ಕದಲ್ಲಿ ಕಲ್ಲು ಕೊರೆದು ಮಾಡಿದ ಗೂಡು, ಅದರಲ್ಲೊಂದು ಮಣ್ಣಿನ ಹಣತೆ, ಮೇಲೆ ಗೋಡೆಗೆ ಹತ್ತಿದ ದೀಪದ ಮಸಿ.

‘ಬುಟ್ಟಿ ಲೆಕ್ಕ ಇರ್ಬೇಕು,’ ಅಂದರು ಅಜ್ಜ. ‘ನಮ್ಮಪ್ಪ ಹೇಳ್ತಿದ್ರು. ಎಷ್ಟು ಬುಟ್ಟಿ ಹೊತ್ತರೆ ಅಷ್ಟು ದುಡ್ಡು. ಮೇಸ್ತ್ರಿ ಒಂದು ಲೆಕ್ಕ ಬರಕೊಳ್ತಿದ್ದ, ಹೊತ್ತವರು ಇನ್ನೊಂದು ಇಟ್ಕೊಳ್ತಿದ್ರು.’

ಲೆಕ್ಕ ಅಂದದ್ದೇ ತಡ, ಭಾವನೊಳಗಿನ ಬ್ಯಾಂಕ್ ಎದ್ದು ಕೂತಿತು. ಬೆರಳು ತಾಗಿಸದೆ, ಗಾಳಿಯಲ್ಲೇ ತೋರುತ್ತಾ ಎಣಿಸತೊಡಗಿದರು. ಒಂದು ಸಾಲು ಮುಗಿಸಿ ಹಿಂದೆ ಬಂದರು. ಇನ್ನೊಮ್ಮೆ ಎಣಿಸಿದರು. ಒಂದು ಸಾಲು ಮೂರೇ ಗೀಟಿಗೆ ನಿಂತಿದ್ದು ಅವರಿಗೆ ಬಹಳ ಬೇಜಾರು ತಂದಿತು. ‘ಇಲ್ಲಿ ಎಂತ ಆಯ್ತು? ಎಂಟ್ರಿ ಅರ್ಧಕ್ಕೇ ಬಿಟ್ಟಿದಾರೆ!’ ಆ ಮೂರು ಗೀಟಿನಾಚೆಯೇ ಯಾರೋ ಈಚೆಗೆ ಇಟ್ಟಿಗೆ ಚೂರಿನಲ್ಲಿ ದೊಡ್ಡದೊಂದು ಹೃದಯ ಬರೆದು, ಬಾಣ ಬಿಟ್ಟು, ಎರಡು ಇಂಗ್ಲಿಷ್ ಅಕ್ಷರ ಹಾಕಿದ್ದರು. ಬಾಣ ಸೀದಾ ಲೆಕ್ಕದ ಮೇಲೇ ಹಾದಿತ್ತು.

ಭಾವನಿಗೆ ಇಷ್ಟು ಸಿಟ್ಟು ಬಂದದ್ದನ್ನು ನಾನು ಅಕ್ಕನ ಮದುವೆಯಲ್ಲೂ ನೋಡಿರಲಿಲ್ಲ. ‘ಲೆಡ್ಜರ್ ಮೇಲೆ ಗೀಚಿದಾರಲ್ರೀ! ಪ್ರೀತಿ ಮಾಡೋಕೆ ಬೇರೆ ಗೋಡೆ ಇರಲಿಲ್ವಾ?’ ಕರ್ಚೀಫ್ ತೆಗೆದು ಉಜ್ಜೋಕೆ ಹೊರಟರು. ಉಜ್ಜಿದರೆ ಹೃದಯದ ಜೊತೆ ಗೀಟೂ ಸವೀತದೆ ಅಂತ ಅಜ್ಜ ತಡೆದರು. ಹಾಗೇ ಬಿಟ್ಟು ಬಂದೆವು.

ಅಜ್ಜ ದೋಟಿಯನ್ನು ನಮ್ಮ ಕೈಗೆ ಕೊಟ್ಟು, ಊಟಕ್ಕೆ ಎಲೆ ಹಾಕಿಸೋಕೆ ಅಂತ ತೋಟದ ಒಳದಾರಿಯಲ್ಲಿ ಮುಂದೆ ಹೋದರು. ನಾವು ಕಾರಿನ ಹತ್ತಿರ ಬಂದರೆ ಇಬ್ಬರು ಹುಡುಗರು ಬೈಕ್ ಅಡ್ಡ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅವರ ಕಣ್ಣಿಗೆ ಕಂಡದ್ದು ಇಷ್ಟು: ಮುಖಕ್ಕೆ ಮಸಿ ಬಳಿದುಕೊಂಡ ಒಬ್ಬ ಗಂಡಸು, ಮಂಡಿಯೆಲ್ಲ ಮಣ್ಣಾದ ಇನ್ನೊಬ್ಬ, ಕೈಯಲ್ಲಿ ಉದ್ದದ ಕೋಲು. ‘ಚೀಲದಲ್ಲಿ ಎಂತ ಇದೆ?’ ಅಂದರು. ತೆಗೆದು ತೋರಿಸಿದೆ. ನಿಂಬೆಹಣ್ಣು. ಉಪ್ಪು. ಚಾಕು. ಒಂದು ಬಾಟಲಿ ಎಣ್ಣೆ. ಒಂದು ಕೋಳಿ ಇದ್ದಿದ್ದರೆ ನನಗೇ ನಮ್ಮ ಮೇಲೆ ಅನುಮಾನ ಬರುತ್ತಿತ್ತು.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಭಾವ ವಾದಕ್ಕೆ ನಿಂತರು. ‘ನಾವು ನಿಧಿ ತೆಗೆಯೋರಲ್ಲಪ್ಪ. ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆ ಬಾಳೋ ನಿಧಿ ಸಿಕ್ಕಿದ್ರೆ ಕಲೆಕ್ಟರಿಗೆ ತಿಳಿಸ್ಬೇಕು ಅಂತ ಬ್ರಿಟಿಷರು 1878ರಲ್ಲೇ ಕಾನೂನು ಮಾಡಿದಾರೆ. ನಂಗದೆಲ್ಲ ಗೊತ್ತು.’

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟೆಲ್ಲ ಗೊತ್ತಿರೋದು ಕಳ್ಳರಿಗೇ ಅಲ್ವಾ?

ಕೊನೆಗೆ ಅಜ್ಜನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ‘ಹೌದೌದು, ನಮ್ಮವರೇ,’ ಅಂದರು ಅಜ್ಜ. ನಮಗೆ ಉಸಿರು ಬಂತು. ‘ಆದ್ರೂ ಒಂದ್ಸಲ ಜೇಬು ನೋಡಿ ಬಿಡಿ.’

ಭಾವನ ಜೇಬಿನಲ್ಲಿ ಸಿಕ್ಕಿದ್ದು ಎರಡು ಸತ್ತ ಸೆಲ್ಲು. ‘ಇದು ಒಳಗಿಂದ ತಂದದ್ದಲ್ಲ, ಒಳಗೆ ಒಯ್ದಿದ್ದು. ಅಲ್ಲಿ ಬಿಸಾಕಬಾರದು ಅಂತ ವಾಪಸ್ ತಂದೆ,’ ಅಂದರು, ಬಹಳ ಗಂಭೀರವಾಗಿ. ಹುಡುಗರು ಅದನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ದಾರಿ ಬಿಟ್ಟರು. ಅಜ್ಜನ ಮನೆಯಲ್ಲಿ ಅಪ್ಪೆಹುಳಿ, ಒಂದೆಲಗದ ತಂಬುಳಿ. ಭಾವ ಎರಡು ಸಲ ಬಡಿಸಿಕೊಂಡರು. ಬಡಿಸುವವರು ಅವರ ಮುಖ ನೋಡಿದಾಗಲೆಲ್ಲ ಸೆರಗು ಬಾಯಿಗೆ ಹೋಗುತ್ತಿತ್ತು.

ಸೋಪಿಗೆ ಪೂರ್ತಿ ಬಗ್ಗದ ಆ ಮಸಿಗೆ ಸಂಜೆ ಅಕ್ಕ ಅದೇ ನಿಂಬೆಹಣ್ಣನ್ನು ಹೋಳು ಮಾಡಿ ಉಜ್ಜಿದಳು. ಹುಳಿಗೆ ಬಣ್ಣ ಸ್ವಲ್ಪ ಬಿಟ್ಟಿತು. ‘ಎಂತಾರೂ ತಂದ್ರಾ?’ ಅಂತ ಕೇಳಿದಳು, ಶೋಕೇಸಿನ ಕಡೆ ನೋಡಿ. ಭಾವ ಮೊಬೈಲ್ ಕೈಗೆ ಕೊಟ್ಟರು. ಮಗ್ಗಿನ ಫೋಟೊ, ಗೀಟುಗಳ ಫೋಟೊ. ಎಲ್ಲಾ ಕಪ್ಪು. ಮಧ್ಯೆ ಮಸುಕು ಬೆಳಕು, ಅದರಲ್ಲಿ ಏನೋ ಒಂದು ಆಕಾರ.

ಅದರಲ್ಲಿ ಒಂದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಶೋಕೇಸಿನ ಮಧ್ಯಕ್ಕೆ ಇಟ್ಟಿದ್ದಾರೆ. ಜಾಗಕ್ಕಾಗಿ ಕಡಗೋಲು ಅಡುಗೆಮನೆಗೆ ವಾಪಸ್ ಹೋಗಿದೆ. ಕೆಳಗೆ ಚೀಟಿ ಅಂಟಿಸಿದ್ದಾರೆ, ಅದರಲ್ಲಿ 200 ವರ್ಷ ಅಂತ ಇಲ್ಲ. ಬರೀ ‘ಕುಂಸಿ’ ಅಂತಿದೆ. ಮೊನ್ನೆ ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯವರು ಅದನ್ನು ಬಹಳ ಹೊತ್ತು ನೋಡಿ, ಸ್ಕ್ಯಾನಿಂಗ್ ಫೋಟೊ ಅಂದುಕೊಂಡು, ಅಕ್ಕನ ಕೈ ಹಿಡಿದು ‘ಮಗಳಿಗೆ ಎಷ್ಟು ತಿಂಗಳು?’ ಅಂತ ಕೇಳಿದರಂತೆ.