ಸುಣ್ಣ ಬಳಿಯಲು ಬಂದವನು ಬೀಗ ಬದಲಿಸಿ ಹೋದ

ಜುಲೈ ತಿಂಗಳ 20ನೇ ತಾರೀಕು, ಭಾನುವಾರ. ಅಪ್ಪನ ತಿಥಿ. ನಾನು ಶಿರಸಿ ಹತ್ತಿರದ ಹಳ್ಳಿಯ ಮನೆಯಲ್ಲಿ, ನನ್ನ ಕಂಪ್ಯೂಟರ್ ಬೆಂಗಳೂರಿನ ರಾಜಾಜಿನಗರದ ಕಚೇರಿಯ ಎರಡನೇ ಮಹಡಿಯಲ್ಲಿ. ನಡುವೆ ನಾನೂರು ಕಿಲೋಮೀಟರ್ ಮಳೆ.

ತೆರಿಗೆ ಲೆಕ್ಕ ನೋಡುವವರಿಗೆ 20 ಎಂದರೆ ಸಾಕು, ಹೊಟ್ಟೆಯಲ್ಲಿ ಏನೋ ತಿರುಚಿದಂತಾಗುತ್ತದೆ. ಪ್ರತಿ ತಿಂಗಳು ಜಿಎಸ್‌ಟಿ ಕಟ್ಟುವ ವ್ಯಾಪಾರಿಗಳ 3ಬಿ ರಿಟರ್ನ್ (ತಿಂಗಳ ತೆರಿಗೆಯ ಲೆಕ್ಕಪತ್ರ) ಸಲ್ಲಿಸಲು ಅದೇ ಕೊನೆಯ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಕಟ್ಟದೆ ಉಳಿದ ತೆರಿಗೆಗೆ ವರ್ಷಕ್ಕೆ ಶೇಕಡಾ 18ರ ಬಡ್ಡಿ. ಕೊನೆಯ ದಿನದವರೆಗೆ ಏಕೆ ಕಾಯಬೇಕಿತ್ತು ಎಂದು ಕೇಳುವವರಿದ್ದಾರೆ. ಅವರು ನನ್ನ ಗಿರಾಕಿಗಳನ್ನು ಕೇಳಲಿ. ಖರೀದಿ ಬಿಲ್ಲುಗಳನ್ನು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು 18ರ ಸಂಜೆ ಬಂದು, "ಸ್ವಲ್ಪ ತಡವಾಯಿತು ಮೇಡಂ" ಎಂದು ನಗುವ ಆ ಮಹನೀಯರನ್ನು ಕೇಳಲಿ.

ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಟೆ. ಹೊರಡುವ ಮುನ್ನ ಕಚೇರಿಯ ಕಂಪ್ಯೂಟರನ್ನು ಚಾಲೂ ಇಟ್ಟೇ ಬಂದಿದ್ದೆ. ಶನಿವಾರ ಇಡೀ ದಿನ ಹಳ್ಳಿಯಿಂದಲೇ ಲ್ಯಾಪ್‌ಟಾಪಿನಲ್ಲಿ ಕಚೇರಿಯ ನೆಟ್‌ವರ್ಕಿಗೆ ಗುಪ್ತ ದಾರಿಯಾದ ವಿಪಿಎನ್ ಹಾಕಿಕೊಂಡು, ರಿಮೋಟ್ ಡೆಸ್ಕ್‌ಟಾಪ್ ತೆರೆದು, ಕಚೇರಿಯಲ್ಲಿ ಕುಳಿತವಳಂತೆ ಕೆಲಸ ಮಾಡಿದೆ. ಹದಿನಾಲ್ಕು ರಿಟರ್ನ್ ಮುಗಿಯಿತು, ಎರಡು ಉಳಿಯಿತು. ನಾಳೆ ಬೆಳಿಗ್ಗೆ ಭಟ್ಟರು ಬರುವುದರೊಳಗೆ ಮುಗಿಸಿದರಾಯಿತು ಎಂದು ಮಲಗಿದೆ.

ಬೆಳಿಗ್ಗೆ ಆರಕ್ಕೆ ನೋಡಿದರೆ ಕಂಪ್ಯೂಟರ್ ಇಲ್ಲ. "ದೂರದ ಕಂಪ್ಯೂಟರ್ ಸಿಗುತ್ತಿಲ್ಲ, ಅದು ಆಫ್ ಆಗಿರಬಹುದು, ನೆಟ್‌ವರ್ಕಿನಲ್ಲಿ ಇಲ್ಲದಿರಬಹುದು, ಅಥವಾ ಅದರಲ್ಲಿ ರಿಮೋಟ್ ಸೌಲಭ್ಯ ಬಂದ್ ಆಗಿರಬಹುದು." ಮೂರು ಕಾರಣ, ಮೂರೂ "ಬಹುದು". ಪಂಚಾಂಗದವರಾದರೂ ಇದಕ್ಕಿಂತ ಖಚಿತವಾಗಿ ಹೇಳುತ್ತಾರೆ.

ಮೊದಲು ಬೈದದ್ದು ನಮ್ಮ ಹಳ್ಳಿಯ ಫೈಬರ್ ಸಂಪರ್ಕವನ್ನು. ಪಾಪ, ಅದು ಆ ಮಳೆಯಲ್ಲೂ ನೆಟ್ಟಗೇ ಇತ್ತು. ಆಮೇಲೆ ಬೈದದ್ದು ರಾಜಾಜಿನಗರದ ಕರೆಂಟನ್ನು. ಅದೂ ಇತ್ತು. ಕಟ್ಟಡದ ವಾಚ್‌ಮನ್‌ಗೆ ಫೋನ್ ಮಾಡಿ, "ಅಣ್ಣಾ, ನಿಮ್ಮ ಹತ್ತಿರ ಇರುವ ಕೀ ತೆಗೆದುಕೊಂಡು ಸ್ವಲ್ಪ ಮೇಲೆ ಹೋಗಿ ನೋಡುತ್ತೀರಾ?" ಎಂದೆ. ಅವರು ಯಾದಗಿರಿ ಕಡೆಯವರು, ಐವತ್ತು ದಾಟಿದವರು, ಮೊಣಕಾಲು ನೋವು ಇದೆ. ಲಿಫ್ಟ್ ಇಲ್ಲದ ಕಟ್ಟಡ. ಎರಡು ಮಹಡಿ ಹತ್ತಿ ಹೋಗಿ ವಾಟ್ಸ್‌ಆ್ಯಪಿನಲ್ಲಿ ಪರದೆಯ ಫೋಟೋ ಕಳುಹಿಸಿದರು. ನೀಲಿ ಪರದೆ. ಅದರ ಮೇಲೆ 48 ಅಂಕಿಯ ಕೀಲಿಸಂಖ್ಯೆ ಹಾಕಿ ಎಂಬ ಆಜ್ಞೆ.

ಅಪ್‌ಡೇಟ್! ರಾತ್ರಿ ನಾನು ಮಲಗಿದ ಮೇಲೆ ಅದು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಹಾಕಿಕೊಂಡು ರೀಸ್ಟಾರ್ಟ್ ಆಗಿದೆ. ನಾನು ಬಳಸುವ ಆಪರೇಟಿಂಗ್ ಸಿಸ್ಟಂನವರು ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುತ್ತಾರೆ. 2003ರಿಂದ ಬಂದ ಪದ್ಧತಿ ಇದು. ಅವರ ಮಂಗಳವಾರದ ಬೆಳಿಗ್ಗೆ ಎಂದರೆ ನಮ್ಮ ಮಂಗಳವಾರದ ರಾತ್ರಿ. ಈ ಸಲ 8ನೇ ತಾರೀಕಿಗೇ ಬಂದಿತ್ತು. "ಆಮೇಲೆ, ಆಮೇಲೆ" ಎಂದು ನಾನು ಮುಂದೂಡುತ್ತ ಬಂದಿದ್ದೆ, ಅದು ನಿಜ. ತಪ್ಪು ನನ್ನದೂ ಇದೆ ಎಂದು ಹೇಳಿಬಿಡುತ್ತೇನೆ, ಬೈಯಲು ಮನಸ್ಸು ಹಗುರವಾಗುತ್ತದೆ. ಆದರೆ ಹನ್ನೆರಡು ದಿನ ಕಾದ ಯಂತ್ರಕ್ಕೆ ಇನ್ನೊಂದು ದಿನ ಕಾಯಲು ಏನಾಗಿತ್ತು? 20ರ ಬೆಳಗಿನ ಜಾವವೇ ಮುಹೂರ್ತ ಕೂಡಿಬರಬೇಕಿತ್ತೇ?

ಡಿಸ್ಕಿನಲ್ಲಿರುವುದು ಕಳ್ಳರ ಪಾಲಾಗಬಾರದೆಂದು ಅದನ್ನು ಗೂಢಲಿಪಿಯಲ್ಲಿ ಇಟ್ಟಿರುತ್ತಾರೆ, ಒಳ್ಳೆಯದು. ಅದರ ಕೀಲಿ ಕಂಪ್ಯೂಟರಿನೊಳಗಿನ ಒಂದು ಪುಟ್ಟ ಚಿಪ್ಪಿನಲ್ಲಿರುತ್ತದೆ. ಯಂತ್ರ ಶುರುವಾಗುವಾಗ ಎಲ್ಲವೂ ನಿನ್ನೆಯಂತೆಯೇ ಇದೆಯೇ ಎಂದು ಆ ಚಿಪ್ ನೋಡುತ್ತದೆ. ಏನಾದರೂ ಬದಲಾಗಿದ್ದರೆ ಯಾರೋ ಕೈಯಾಡಿಸಿದ್ದಾರೆ ಎಂದು ಕೀಲಿ ಬಿಟ್ಟುಕೊಡುವುದಿಲ್ಲ. ಸರಿ. ಆದರೆ ಇಲ್ಲಿ ಕೈಯಾಡಿಸಿದ್ದು ಯಾರು? ಅದೇ ಕಂಪನಿ! ಒಂದು ಕೈ ಮಾಡಿದ್ದನ್ನು ಇನ್ನೊಂದು ಕೈ ಕಳ್ಳತನವೆಂದು ಹಿಡಿದು, ದಂಡವನ್ನು ನನ್ನಿಂದ ವಸೂಲು ಮಾಡುತ್ತಿದೆ. ಇದು ನನ್ನೊಬ್ಬಳ ಹಣೆಬರಹವೂ ಅಲ್ಲ. 2024ರ ಜುಲೈನ ಅಪ್‌ಡೇಟ್ ಆದ ಮೇಲೂ ಎಷ್ಟೋ ಜನರ ಪರದೆಯಲ್ಲಿ ಇದೇ ನೀಲಿ ಪ್ರಶ್ನೆ ಬಂದಿತ್ತು. ಕಂಪನಿ ಅದನ್ನು ಒಪ್ಪಿಕೊಂಡು ಆಗಸ್ಟಿನಲ್ಲಿ ಸರಿಮಾಡಿತು. ಸುಣ್ಣ ಬಳಿಯಲು ಬಂದವನು ಗೋಡೆಗೆ ಸುಣ್ಣವನ್ನೂ ಬಳಿದು, ಹೋಗುವಾಗ ಬಾಗಿಲಿನ ಬೀಗವನ್ನೂ ಬದಲಿಸಿ, ಕೀಯನ್ನು ಜೇಬಿಗೆ ಹಾಕಿಕೊಂಡು ಹೋದಂತಾಯಿತು.

ಆ 48 ಅಂಕಿ ಎಲ್ಲಿದೆ? ಅಂತರ್ಜಾಲದಲ್ಲಿರುವ ನನ್ನ ಖಾತೆಯಲ್ಲಿ. ಖಾತೆಗೆ ಹೋದರೆ, ನೀವು ನೀವೇ ಎಂದು ತೋರಿಸಲು ಮೊಬೈಲಿಗೆ ಸಂಕೇತಸಂಖ್ಯೆ ಕಳುಹಿಸಿದ್ದೇವೆ ಎಂದಿತು. ನಮ್ಮ ಮನೆಯೊಳಗೆ ಮೊಬೈಲ್ ಮಾತಾಡುವುದು ವೈಫೈ ಮೇಲೆ ಮಾತ್ರ. ಎಸ್ಸೆಮ್ಮೆಸ್ ಬೇಕೆಂದರೆ ಕೊಟ್ಟಿಗೆಯ ಆಚೆ, ತೋಟಕ್ಕೆ ಇಳಿಯುವ ದಿಬ್ಬದ ಮೇಲೆ ನಿಲ್ಲಬೇಕು. ಆ ಸಂಖ್ಯೆಗೆ ಹತ್ತು ನಿಮಿಷದ ಆಯಸ್ಸು. ಕೊಡೆ ಹಿಡಿದು ದಿಬ್ಬ ಹತ್ತಿ, ಸಂಖ್ಯೆ ಬಂದ ಮೇಲೆ ಅಂಗೈಯಲ್ಲಿ ಬರೆದುಕೊಂಡು, ಜಾರುವ ಹಾದಿಯಲ್ಲಿ ಓಡಿಬಂದರೆ ಅಂಗೈ ತೊಳೆದುಹೋಗಿತ್ತು. ಎರಡನೇ ಸಲ ಬಾಯಿಪಾಠ ಮಾಡಿಕೊಂಡು ಬಂದೆ. ಕಾಲಿಗೆ ಎರಡು ಉಂಬಳ ಹತ್ತಿದ್ದು ಆಮೇಲೆ ಗೊತ್ತಾಯಿತು.

ಆರಾರು ಅಂಕಿಯ ಎಂಟು ಗುಂಪು. ನಾನು ಫೋನಿನಲ್ಲಿ ಹೇಳಬೇಕು, ವಾಚ್‌ಮನ್ ಅಣ್ಣ ಒತ್ತಬೇಕು. ಮೊದಲು ಏನು ಒತ್ತಿದರೂ ಬೀಳಲೇ ಇಲ್ಲ. ಹತ್ತು ನಿಮಿಷ ಅದೇ ಪರದಾಟ. ಬಲಗಡೆಯ ಅಂಕಿಗಳ ಮೇಲೆ ಒಂದು ದೀಪ ಇದೆಯಲ್ಲ, ಅದು ಉರಿಯುತ್ತಿದೆಯೇ ಎಂದು ಕೇಳಿದ ಮೇಲೆ ಗೊತ್ತಾಯಿತು, ಆ ಅಂಕಿಗಳನ್ನು ಚಾಲೂ ಮಾಡುವ ನಮ್‌ಲಾಕ್ ಆರಿಹೋಗಿತ್ತು. ಎಲ್ಲಾ ಒತ್ತಿ ಮುಗಿಸಿದರೆ ತಪ್ಪು ಎಂದಿತು. ಎಲ್ಲಿ ತಪ್ಪು ಎಂದು ಹುಡುಕುವುದು? ನನ್ನ ಪುಣ್ಯಕ್ಕೆ ಒಂದು ವಿಷಯ ಎಲ್ಲೋ ಓದಿ ನೆನಪಿತ್ತು: ಆ ಎಂಟು ಗುಂಪುಗಳಲ್ಲಿ ಪ್ರತಿಯೊಂದೂ 11ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಅಣ್ಣನಿಂದ ಒಂದೊಂದೇ ಗುಂಪನ್ನು ಓದಿಸಿ, ಇಲ್ಲಿ ಕ್ಯಾಲ್ಕುಲೇಟರಿನಲ್ಲಿ ಭಾಗಿಸುತ್ತ ಹೋದೆ. ಐದನೆಯದು 471573. ಭಾಗಿಸಿದರೆ 3 ಉಳಿಯಿತು. ನನ್ನ ಹತ್ತಿರ ಇದ್ದದ್ದು 471537. ನಾನು ಮೂವತ್ತೇಳು ಎಂದಿದ್ದೆ, ಮಳೆಯ ಸದ್ದಿನಲ್ಲಿ ಏನು ಕೇಳಿತೋ, ಅವರು ಏಳು ಮೂರು ಒತ್ತಿದ್ದರು. ಇಪ್ಪತ್ತು ವರ್ಷ ಲೆಕ್ಕ ನೋಡಿದವಳಿಗೆ ಆ ಕ್ಷಣ ಸಿಕ್ಕಿದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅಢಾವೆ ಪತ್ರಿಕೆಯ ಎರಡೂ ಕಡೆ ಕೂಡಿದಂತಾಯಿತು.

"ಮೇಡಂ, ಬ್ಯಾಂಕಿನ ತಿಜೋರಿಗೂ ಇಷ್ಟು ಅಂಕಿ ಇರಲಿಕ್ಕಿಲ್ಲ" ಎಂದರು ಅಣ್ಣ.

ಯಂತ್ರ ಎದ್ದಿತು. ಪಿನ್ ಹೇಳಿ ಒಳಗೂ ಹೋಗಿಸಿದೆ. ಪಿನ್ ಬೇರೆಯವರಿಗೆ ಹೇಳಬಾರದು ಎಂದು ನನ್ನ ಗಿರಾಕಿಗಳಿಗೆ ಉಪದೇಶ ಮಾಡುವವಳು ನಾನೇ. ಇಷ್ಟಾದರೂ ರಿಮೋಟ್ ಡೆಸ್ಕ್‌ಟಾಪ್ ಬರಲಿಲ್ಲ! ಅದೇ ಮೂರು "ಬಹುದು".

ಅಷ್ಟರಲ್ಲಿ ಭಟ್ಟರು ಬಂದರು. ಅಮ್ಮ ಎರಡು ಸಲ ಬಾಗಿಲಲ್ಲಿ ನಿಂತು ನೋಡಿ ಹೋದಳು, ಮೂರನೆಯ ಸಲ "ಕೂಸೇ, ಆ ಪೆಟ್ಟಿಗೆ ಮುಚ್ಚು, ಅಪ್ಪನಿಗೆ ವರ್ಷಕ್ಕೆ ಒಂದೇ ದಿನ" ಎಂದಳು. ಮುಚ್ಚಿದೆ. ನನ್ನ ತಮ್ಮ ಪಿಂಡ ಇಡುತ್ತಿದ್ದಾಗ ನನ್ನ ಮನಸ್ಸು ಮಾತ್ರ ರಾಜಾಜಿನಗರದಲ್ಲಿತ್ತು. ಇದಕ್ಕೆ ಆ ಕಂಪನಿಯನ್ನು ನಾನು ಕ್ಷಮಿಸುವುದಿಲ್ಲ. ಉಳಿದದ್ದಕ್ಕೆ ಬೇಕಾದರೆ ಕ್ಷಮಿಸುತ್ತೇನೆ.

ಊಟವಾದ ಮೇಲೆ ಯಂತ್ರ ಕೊಂಡ ಅಂಗಡಿಯ ಹುಡುಗನಿಗೆ ಫೋನ್ ಮಾಡಿದೆ. ಮಾತು ಮುಗಿಯುವ ಮೊದಲೇ "ಫಾರ್ಮ್ಯಾಟ್ ಮಾಡಿಬಿಡೋಣ ಮೇಡಂ" ಎಂದ. ಇವರಿಗೆ ಯಾವ ರೋಗಕ್ಕೂ ಒಂದೇ ಕಷಾಯ. ಮೌಸ್ ಕೆಲಸ ಮಾಡುವುದಿಲ್ಲ ಎಂದರೂ ಫಾರ್ಮ್ಯಾಟ್.

ಕೊನೆಗೆ ನಾನೇ ತಲೆ ಓಡಿಸಿದೆ. ಪರದೆಯನ್ನು ಹಾಗೆಯೇ ತೋರಿಸುವ ಇನ್ನೊಂದು ಆ್ಯಪ್ ಕಚೇರಿಯ ಕಂಪ್ಯೂಟರಿನಲ್ಲಿತ್ತು. ಅದು ತನ್ನದೇ ಸರ್ವರ್ ಮೂಲಕ ಹೊರಗೆ ಬರುವಂಥದ್ದು, ಹಾಗಾಗಿ ಒಳಬರುವ ಬಾಗಿಲು ಮುಚ್ಚಿದ್ದರೂ ನಡೆಯುತ್ತದೆ. ಅಣ್ಣ ಮೂರನೆಯ ಸಲ ಮಹಡಿ ಹತ್ತಿ ಅದರ ಸಂಖ್ಯೆ ಓದಿ ಹೇಳಿದರು, ಒಪ್ಪಿಗೆಯ ಗುಂಡಿ ಒತ್ತಿದರು. ಒಳಗೆ ಹೋಗಿ ನೋಡಿದರೆ ಏನಾಗಿತ್ತು ಗೊತ್ತೇ? ನನ್ನ ಕಚೇರಿಯ ನೆಟ್‌ವರ್ಕ್ "ಖಾಸಗಿ" ಎಂದು ಇದ್ದದ್ದು ಅಪ್‌ಡೇಟ್ ಆದ ಮೇಲೆ "ಸಾರ್ವಜನಿಕ" ಆಗಿದೆ. ಮೆಜೆಸ್ಟಿಕ್ ಬಸ್ ನಿಲ್ದಾಣದ ವೈಫೈಯನ್ನು ನಂಬದ ಹಾಗೆ, ಹೊರಗಿನವರನ್ನು ತಡೆಯುವ ಫೈರ್‌ವಾಲ್ ನನ್ನ ಕಚೇರಿಯನ್ನೇ ನಂಬುತ್ತಿಲ್ಲ. ರಿಮೋಟ್ ಡೆಸ್ಕ್‌ಟಾಪ್ ಕಾಯುವ 3389 ಎಂಬ ಸಂಖ್ಯೆಯ ಬಾಗಿಲು ಬಂದ್. ಒಂದು ಗುಂಡಿ ಒತ್ತಿದರೆ ಸರಿಹೋಗುವ ಸಂಗತಿ. ಆದರೆ ಆ ಗುಂಡಿ ಇರುವುದು ಬಾಗಿಲಿನ ಒಳಗಡೆ! ಬದಲಿಸಿದ್ದೇನೆ ಎಂದು ಒಂದು ಸಾಲು ತಿಳಿಸಿದ್ದರೆ ಸಾಕಿತ್ತು. ಪರದೆಯ ಬಣ್ಣ, ಗುಂಡಿಯ ದುಂಡಗಿನ ಮೂಲೆ, ಯಾರೂ ಕೇಳದ ಸಹಾಯಕ, ಇವೆಲ್ಲ ಹೊಸದಾಗಿ ಬಂದಾಗ ಪರದೆ ತುಂಬ ಡಂಗುರ ಸಾರುತ್ತಾರೆ. ಬಾಗಿಲು ಮುಚ್ಚಿದಾಗ ಮಾತ್ರ ಮೌನ.

ಅಪ್‌ಡೇಟೇ ಬೇಡ ಎನ್ನುವ ಮೂಢಳಲ್ಲ ನಾನು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಡತಗಳನ್ನು ಒತ್ತೆ ಇಟ್ಟುಕೊಂಡಾಗ, ಅದು ನುಗ್ಗಿದ ಕಂಡಿಯನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಹಿಂದೆ, ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಅತ್ತರು. ಆ ಭಯದಿಂದಲೇ ನಾನೂ 3389ನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಡದೆ ವಿಪಿಎನ್ ಹಿಂದೆ ಇಟ್ಟಿದ್ದೇನೆ. ಕಾವಲು ಬೇಕು. ಕಾವಲಿನವನು ಯಜಮಾನಿಯ ಮುಖವನ್ನೇ ಮರೆತರೆ ಏನು ಮಾಡುವುದು ಎಂಬುದು ನನ್ನ ತಕರಾರು. ಯಂತ್ರ ನನ್ನದು, ಕರೆಂಟ್ ಬಿಲ್ ನನ್ನದು, ಕಚೇರಿಯ ಬಾಡಿಗೆ ನನ್ನದು. ಅದರ ಒಳಗೆ ಯಾವಾಗ ಏನು ಬದಲಾಗಬೇಕು ಎಂಬುದು ಮಾತ್ರ ನನ್ನದಲ್ಲ.

ಸಂಜೆ ಕೂತೆ. ಒಂದು ರಿಟರ್ನ್ ಮುಗಿಯಿತು. ಉಳಿದದ್ದು ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯದು. ಕಂಪನಿಗಳಿಗೆ ಒಟಿಪಿ ಸಾಲದು, ಡಿಜಿಟಲ್ ಸಹಿಯೇ ಬೇಕು. ಸಹಿ ಇರುವ ಪುಟ್ಟ ಯುಎಸ್‌ಬಿ ಕಡ್ಡಿ, ಅಂದರೆ ಡಾಂಗಲ್, ಕಚೇರಿಯ ಕಂಪ್ಯೂಟರಿಗೆ ಚುಚ್ಚಿತ್ತು. (ನಿರ್ದೇಶಕರ ಡಾಂಗಲ್ ನಿಮ್ಮ ಹತ್ತಿರ ಏಕಿತ್ತು ಎಂಬ ಪಾಠ ಬೇಡ. ಊರಿಗೆಲ್ಲ ಗೊತ್ತಿರುವ ಗುಟ್ಟು ಅದು.) ರಿಮೋಟ್ ಡೆಸ್ಕ್‌ಟಾಪಿನಲ್ಲಿ ಹೋದರೆ ಅಲ್ಲಿ ಚುಚ್ಚಿದ ಡಾಂಗಲ್ ಕಾಣುವುದಿಲ್ಲ. ನನ್ನ ಮುಂದಿರುವ ಲ್ಯಾಪ್‌ಟಾಪಿಗೆ ಚುಚ್ಚಿದ್ದನ್ನು ಅದು ಹುಡುಕುತ್ತದೆ. ಹಾಗಾಗಿ ಸಹಿಗೆ ಆ ಇನ್ನೊಂದು ಆ್ಯಪೇ ಗತಿ. ಅದರಲ್ಲಿ ಹೋಗಿ ಲೆಕ್ಕವನ್ನೆಲ್ಲ ತುಂಬಿಟ್ಟು, ಒಂದು ಅಂಕಿ ತಾಳೆಯಾಗದೆ ಗಿರಾಕಿಯೊಡನೆ ಫೋನಿನಲ್ಲಿ ಮಾತಾಡಿ ಬಂದೆ. ಅಷ್ಟರಲ್ಲಿ ಸಂಪರ್ಕ ಹೋಗಿತ್ತು. ಯಂತ್ರ ನಿದ್ದೆಗೆ ಜಾರಿತ್ತು! ಎಂದೂ ಮಲಗಬೇಡ ಎಂದು ನಾನು ಎರಡು ವರ್ಷದ ಹಿಂದೆ ಮಾಡಿಟ್ಟಿದ್ದ ವ್ಯವಸ್ಥೆಯನ್ನೂ ಅಪ್‌ಡೇಟ್ ಅಳಿಸಿ, ಮೂವತ್ತು ನಿಮಿಷಕ್ಕೆ ಜೋಗುಳ ಹಾಡಿತ್ತು.

ರಾತ್ರಿ ಹತ್ತು ಗಂಟೆ. ನಾಲ್ಕನೆಯ ಸಲ ಫೋನ್ ಮಾಡಲು ನಿಜಕ್ಕೂ ನಾಚಿಕೆಯಾಯಿತು. "ಪರವಾಗಿಲ್ಲ ಮೇಡಂ, ಊಟ ಮಾಡಿ ಹತ್ತುತ್ತೇನೆ" ಎಂದರು. ಹತ್ತಿ ಮೌಸ್ ಅಲ್ಲಾಡಿಸಿದರು. 11 ಗಂಟೆ 20 ನಿಮಿಷಕ್ಕೆ ರಿಟರ್ನ್ ಸಲ್ಲಿಕೆಯಾಗಿ ಸ್ವೀಕೃತಿಯ ಗುರುತಾದ ಎಆರ್‌ಎನ್ ಸಂಖ್ಯೆ ಬಂತು. ಅಡುಗೆಮನೆಯಲ್ಲಿ ಅಮ್ಮ ದೀಪ ಆರಿಸುವ ಸದ್ದು ಕೇಳಿತು.

ಅಣ್ಣನಿಗೆ ಐನೂರು ರೂಪಾಯಿ ಫೋನಿನಲ್ಲೇ ಕಳುಹಿಸಿ, ಬಾಗಿಲು ಹಾಕಿಕೊಂಡು ಹೋಗಿ ಎಂದೆ. ಅವರು ಸ್ವಲ್ಪ ತಡೆದು ಕೇಳಿದರು: "ಮೇಡಂ, ಬೆಳಿಗ್ಗೆ ನೀವು ಹೇಳಿದ ಅಂಕಿಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಿದ್ದೆ. ಅದನ್ನು ಏನು ಮಾಡಲಿ?"

ಹರಿದು ಬಿಸಾಡಿ ಅಣ್ಣಾ ಎಂದೆ.

"ಈಗ ಆಗುವುದಿಲ್ಲ ಮೇಡಂ. ಹಿಂದುಗಡೆ ಹಾಲಿನ ಲೆಕ್ಕ ಇದೆ. ತಿಂಗಳು ಮುಗಿಯಲಿ."