ಪರಿಸರಕ್ಕೆ ಸಲಹೆ, ಕಂಪನಿಗೆ ಪರಿಹಾರ

ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2025ರ ಜುಲೈನಲ್ಲಿ ಹೇಳಿದ್ದು ನೆನಪಿದೆ ಅಲ್ವಾ? ಹವಾಮಾನ ಕಾಪಾಡುವುದು ದೇಶಗಳ ಕಾನೂನಿನ ಹೊಣೆ ಅಂತ. ವನುವಾಟು ಎಂಬ ಪುಟ್ಟ ದ್ವೀಪದೇಶ ಪಟ್ಟು ಹಿಡಿದಿದ್ದಕ್ಕೆ ಸಿಕ್ಕ ಉತ್ತರ ಅದು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಬರೀ ಸಲಹಾ ಅಭಿಪ್ರಾಯ, ಯಾರನ್ನೂ ಕಟ್ಟಿಹಾಕುವ ತೀರ್ಪಲ್ಲ ಅನ್ನೋದು ತಟ್ಟಿದವರಿಗೆಲ್ಲ ಗೊತ್ತಿತ್ತು. ಅದಕ್ಕೇ ಅಷ್ಟು ಧೈರ್ಯವಾಗಿ ತಟ್ಟಿದ್ದು.

ಇದೇ ನ್ಯಾಯಾಲಯ 1993ರಲ್ಲಿ ಪರಿಸರದ ವ್ಯಾಜ್ಯಗಳಿಗೆ ಅಂತಲೇ ಏಳು ನ್ಯಾಯಾಧೀಶರ ಪೀಠ ಮಾಡಿತ್ತು. ಅವಧಿ ಮುಗಿದಾಗಲೆಲ್ಲ ಮತ್ತೆ ಆಯ್ಕೆ, ಮತ್ತೆ ಪೀಠ. 2006ರವರೆಗೆ ಹೀಗೇ ನಡೆಯಿತು. ಬಂದ ಕೇಸು? ಒಂದೂ ಇಲ್ಲ. ನದಿ ಜಗಳ, ಅಣೆಕಟ್ಟಿನ ಜಗಳ ಹೇಗ್‌ಗೆ ಬಂದವು, ಆದರೆ ಈ ಪೀಠದ ಕಡೆ ಯಾರೂ ತಲೆ ಹಾಕಲಿಲ್ಲ. ತಮ್ಮದು ಪರಿಸರದ ಜಗಳ ಅಂತ ಜಗಳವಾಡುವ ಎರಡೂ ದೇಶ ಒಪ್ಪಬೇಕಲ್ಲ! ಜಗತ್ತಿನ ಅತ್ಯಂತ ಚೊಕ್ಕಟ ಮೇಜು ಅದೇ ಇರಬೇಕು. ಒಂದು ಕಡತ ಇಲ್ಲ, ಕಾಗದದ ಖರ್ಚಿಲ್ಲ. ಪರಿಸರಕ್ಕೆ ಇದಕ್ಕಿಂತ ದೊಡ್ಡ ಸೇವೆ ಬೇಕಾ?

ಕೇಸಿಗೆ ಬರ ಇದ್ದದ್ದು ಆ ಪೀಠದಲ್ಲಿ ಮಾತ್ರ. ವಿದೇಶಿ ಕಂಪನಿ ಸರ್ಕಾರದ ಮೇಲೆಯೇ ಕೇಸು ಹಾಕಬಹುದಾದ ಹೂಡಿಕೆ ಒಪ್ಪಂದಗಳ ಕಡೆ ಸುಗ್ಗಿಯೋ ಸುಗ್ಗಿ.

ಜರ್ಮನಿಯ ಹ್ಯಾಂಬರ್ಗ್ ಕಥೆ ನೋಡಿ. ಎಲ್ಬೆ ನದಿ ದಡದ ಮೂರ್‌ಬುರ್ಗ್‌ನಲ್ಲಿ ವಾಟೆನ್‌ಫಾಲ್ ಕಂಪನಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಕಟ್ಟುತ್ತಿತ್ತು. ಯಂತ್ರ ತಣ್ಣಗಾಗಲು ನದಿ ನೀರು ಬೇಕು. ಮೀನುಗಳಿಗೆ ಕುತ್ತು ಬರಬಾರದು ಅಂತ ಆಡಳಿತ ನೀರಿಗೆ ಮಿತಿ ಹಾಕಿತು. 2009ರಲ್ಲಿ ಕಂಪನಿ ಇಂಧನ ಹೂಡಿಕೆಗಳನ್ನು ಕಾಯುವ ಎನರ್ಜಿ ಚಾರ್ಟರ್ ಒಪ್ಪಂದ ಹಿಡಿದುಕೊಂಡು, ಹೂಡಿಕೆ ವ್ಯಾಜ್ಯ ತೀರಿಸುವ ವಾಷಿಂಗ್ಟನ್‌ನ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಿ ಜರ್ಮನಿಯಿಂದ 140 ಕೋಟಿ ಯೂರೊ ಕೇಳಿತು. 2011ರಲ್ಲಿ ರಾಜಿ. ಮಿತಿ ಸಡಿಲ. ಮೀನಿಗೆ? ಏಣಿ. ತಮಾಷೆ ಅಲ್ಲ, ಮೀನು ಅಣೆಕಟ್ಟು ದಾಟಲಿ ಅಂತ ನದಿಯಲ್ಲಿ ಸ್ಥಾವರದಿಂದ ಸುಮಾರು 30 ಕಿಲೋಮೀಟರ್ ಮೇಲ್ಗಡೆ ಮೆಟ್ಟಿಲು ಮಾಡಿದ್ದರು. ಕೆಳಗೆ ಸ್ಥಾವರದ ಕೊಳವೆಗೆ ಸಿಕ್ಕ ಸಾಲ್ಮನ್ ಮೇಲೆ ಹೋಗಿ ಮೆಟ್ಟಿಲು ಹತ್ತಬೇಕು!

2017ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಜರ್ಮನಿಯ ಕಿವಿ ಹಿಂಡಿತು. ಮೀನುಗಳ ಗತಿ ಏನಾಗುತ್ತದೆ ಅಂತ ಸರಿಯಾಗಿ ನೋಡದೆ ಒಪ್ಪಿಗೆ ಕೊಟ್ಟಿದ್ದು ತಪ್ಪು ಅಂತ. ಮೀನು ಕಾಪಾಡಿದ್ದಕ್ಕೆ ಒಂದು ಕಡೆ ಕೇಸು, ಕಾಪಾಡದ್ದಕ್ಕೆ ಇನ್ನೊಂದು ಕಡೆ ತೀರ್ಪು. ಅತ್ತ ದರಿ, ಇತ್ತ ಪುಲಿ. 2015ರಲ್ಲಿ ಶುರುವಾದ ಆ ಸ್ಥಾವರ 2021ರಲ್ಲಿ ಮುಚ್ಚಿತು. ಸುಮ್ನೆ ಮುಚ್ಚಲಿಲ್ಲ, ಕಲ್ಲಿದ್ದಲು ಬಳಕೆ ಕೈಬಿಡುವ ಸರ್ಕಾರಿ ಯೋಜನೆಯಲ್ಲಿ ಪರಿಹಾರ ಪಡೆದು.

ಅಂದ ಹಾಗೆ, ವಾಟೆನ್‌ಫಾಲ್ ಸ್ವೀಡನ್ ಸರ್ಕಾರದ್ದೇ ಕಂಪನಿ. 1972ರಲ್ಲಿ ವಿಶ್ವಸಂಸ್ಥೆಯ ಮೊದಲ ಪರಿಸರ ಸಮ್ಮೇಳನ ನಡೆದದ್ದು ಎಲ್ಲಿ? ಅದೇ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ.

ಹವಾಮಾನದ ಪ್ಯಾರಿಸ್ ಒಪ್ಪಂದಕ್ಕೂ ಒಂದು ಪಾಲನಾ ಸಮಿತಿ ಇದೆ. ಅದು ಯಾರನ್ನೂ ದಂಡಿಸಬಾರದು, ಯಾರ ಜೊತೆಗೂ ಜಗಳಕ್ಕೆ ನಿಲ್ಲಬಾರದು ಅಂತ ಒಪ್ಪಂದದಲ್ಲೇ ಬರೆದಿದೆ. ಆದರೆ ವಾಷಿಂಗ್ಟನ್ ಕೇಂದ್ರ ದುಡ್ಡು ಕೊಡಿ ಅಂದರೆ ಸದಸ್ಯ ದೇಶಗಳು ಅದನ್ನು ತಮ್ಮದೇ ಕೋರ್ಟಿನ ಅಂತಿಮ ತೀರ್ಪಿನಂತೆ ಜಾರಿ ಮಾಡಬೇಕು. ಕಾನೂನುಗಳ ನಡುವೆ ಸಂಘರ್ಷ ಅಂತ ಪಂಡಿತರು ಸೆಮಿನಾರ್ ಮಾಡುತ್ತಾರೆ. ಎಲ್ಲಿಯ ಸಂಘರ್ಷ? ಎರಡೂ ಕಡೆ ಸಹಿ ಹಾಕಿದ್ದು ಸರ್ಕಾರಗಳೇ. ಒಂದು ಹಾವಿನ ಹಲ್ಲು ಕಿತ್ತರು, ಇನ್ನೊಂದಕ್ಕೆ ಹಾಲೆರೆದರು. ತಿಳಿದೂ ತಿಳಿದೂ ಮಾಡಿದ್ದು ಇದು. ಆಮೇಲೆ ವರ್ಷಕ್ಕೊಮ್ಮೆ ಸೇರಿ ಭೂಮಿ ಬಗ್ಗೆ ಗದ್ಗದಿತರಾಗುವುದನ್ನು ಕೇಳಿ ಕೇಳಿ ಸಾಕಾಗಿದೆ.

ಪ್ಯಾರಿಸ್ ಒಪ್ಪಂದ ಬಿಡಲು ನೋಟಿಸು ಕೊಟ್ಟು ಒಂದು ವರ್ಷ ಕಾದರೆ ಸಾಕು. ಎನರ್ಜಿ ಚಾರ್ಟರ್ ಬಿಟ್ಟರೂ ಹಳೆಯ ಹೂಡಿಕೆಗಳಿಗೆ 20 ವರ್ಷ ರಕ್ಷಣೆ. ಇಟಲಿ 2016ರಲ್ಲೇ ಹೊರಬಂತು. ಆದರೂ ಕರಾವಳಿ ಹತ್ತಿರ ತೈಲ ತೆಗೆಯಲು ಬಿಡಲಿಲ್ಲ ಅಂತ ರಾಕ್‌ಹಾಪರ್ ಕಂಪನಿಗೆ 19 ಕೋಟಿ ಯೂರೊ ಕೊಡಬೇಕು ಅಂತ 2022ರಲ್ಲಿ ತೀರ್ಪಾಯಿತು. 2025ರಲ್ಲಿ ಅದು ರದ್ದೂ ಆಯಿತು. ಕಡಲಿನ ಮೇಲಿನ ಕನಿಕರದಿಂದಲ್ಲ. ಮಧ್ಯಸ್ಥರಲ್ಲಿ ಒಬ್ಬರು ತಮ್ಮ ಬಗ್ಗೆ ಹೇಳಬೇಕಾದ ಸಂಗತಿ ಹೇಳಿರಲಿಲ್ಲ, ಅದಕ್ಕೆ. ಕಂಪನಿ ಬೇಸರ ಪಡಬೇಕಿಲ್ಲ. ರದ್ದಾದ ಕೇಸನ್ನು ಹೊಸ ಮಧ್ಯಸ್ಥರ ಮುಂದೆ ಮತ್ತೆ ಹಾಕಲು ನಿಯಮದಲ್ಲೇ ಅವಕಾಶ ಇದೆ.